ಸದ್ದಿಲ್ಲದೆ ಹೊರಟ ರೈಲು

ಬಟ್ಟಲಿಗೆ ಇನ್ನೂ ಅರ್ಧದಷ್ಟು ಬಟಾಣಿ ಬಿದ್ದಿರಲಿಲ್ಲ, ನೆಲದ ಮೇಲೆ ಆಗಲೇ ಒಂದು ಹಿಡಿಯಷ್ಟು ಉರುಳಾಡುತ್ತಿತ್ತು. ನಟಿ ಸಿಪ್ಪೆಯ ಬೆನ್ನು ಒತ್ತಿದರೆ ಸಾಕು, ಕಾಳು ಬಟ್ಟಲು ಬಿಟ್ಟು ಕಿಟಕಿಯ ಕಡೆಗೇ ಹಾರುತ್ತಿತ್ತು. ಎಪ್ಪತ್ತೆರಡು ವರ್ಷವಾದರೂ ಮನೆಗೆಲಸ ಆ ಕೈಗೆ ಒಗ್ಗಿರಲಿಲ್ಲ. ಹಾಗಂತ ಬಿಡುವವಳೂ ಅಲ್ಲ. ಕೈಗೆ ಒಂದು ಕೆಲಸ ಕೊಟ್ಟು ಕೂತರೆ ಹಳೆಯದೆಲ್ಲ ತಾನಾಗಿ ಎದುರಿಗೆ ಬಂದು ನಿಲ್ಲುತ್ತದೆ ಎಂದು ಅವಳ ನಂಬಿಕೆ.

ಮೇಜಿನ ಆಚೆ ಬದಿಯಲ್ಲಿ ಟೈಪಿಸ್ಟ್ ಕೂತಿದ್ದಳು. ಐವತ್ತು ದಾಟಿದ ಹೆಂಗಸು, ಮೂವತ್ತು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪು ಮಾಡಿ ನಿವೃತ್ತಿಯಾದವಳು. ಅವಳ ಮುಂದೆ ಬಟ್ಟೆ ರಟ್ಟಿನ ಹನ್ನೊಂದು ಡೈರಿಗಳು ಒಂದರ ಮೇಲೊಂದು ಕೂತಿದ್ದವು. ನಟಿ ಹದಿನೇಳನೇ ವಯಸ್ಸಿನಿಂದ ಇಪ್ಪತ್ತೇಳರವರೆಗೆ ಬರೆದವು ಅವು. ಅವುಗಳನ್ನು ಮುಂದಿಟ್ಟುಕೊಂಡು ಆತ್ಮಕಥೆ ಸಿದ್ಧವಾಗುತ್ತಿತ್ತು. ಅವತ್ತು ನಡೆಯುತ್ತಿದ್ದದ್ದು ಅಕ್ಕನ ಅಧ್ಯಾಯ.

"ಮುಂದೆ ಹೇಳಿ ಅಮ್ಮ. ರೈಲು ಹೊರಟಿತು. ಆಮೇಲೆ?"

"ಸದ್ದಿಲ್ಲದೆ ಹೊರಟಿತು ಅಂತ ಬರಿ."

ಟೈಪಿಸ್ಟಳ ಬೆರಳುಗಳು ನಿಂತವು. "ರೈಲು ಹೇಗಮ್ಮ ಸದ್ದಿಲ್ಲದೆ ಹೋಗತ್ತೆ? ನಮ್ಮನೆ ಹಿಂದೇನೇ ಹಳಿ ಇರೋದು. ರೈಲು ಬಂದ್ರೆ ಅಡುಗೆಮನೆ ಪಾತ್ರೆ ಎಲ್ಲ ಎದ್ದು ಕುಣಿಯತ್ವೆ."

"ಅವತ್ತು ಹಾಗೇ ಹೋಯ್ತು ಕಣೇ. ದುಃಖಕ್ಕೆ ನನ್ನ ಕಿವಿ ಮುಚ್ಚಿಹೋಗಿತ್ತು. ಹಾಗೇ ಬರಿ, ಓದೋರಿಗೆ ಹಿಡಿಸತ್ತೆ."

"ಕೋರ್ಟಲ್ಲಿ ಹೀಗೆ ಹೇಳಿದ್ರೆ ಎದುರು ಪಾರ್ಟಿ ವಕೀಲರು ನಿಮ್ಮನ್ನ ಅಲ್ಲೇ ಹುರಿದು ತಿಂದುಬಿಡ್ತಿದ್ರು" ಎಂದಳು ಟೈಪಿಸ್ಟ್. ಎಂದರೂ ಟೈಪು ಮಾಡಿದಳು.

ನಟಿ ನಕ್ಕು ಕಣ್ಣು ಮುಚ್ಚಿದಳು. ಕಣ್ಣು ಮುಚ್ಚಿದರೆ ಆ ಸ್ಟೇಷನ್ನು ಯಾವತ್ತೂ ಅಲ್ಲೇ ಇರುತ್ತಿತ್ತು. ಒಂದೇ ದೀಪ, ಅದರ ಬೆಳಕು ಜೇನಿನ ಬಣ್ಣದ್ದು. ಪ್ಲಾಟ್‌ಫಾರಂ ಮೇಲೆ ಒಂದು ನರಪಿಳ್ಳೆಯೂ ಇಲ್ಲ. ಮಳೆ ಬೇರೆಲ್ಲೂ ಇಲ್ಲದೆ ಆ ಒಂದು ಕಿಟಕಿಯ ಸುತ್ತ ಮಾತ್ರ ನೂಲಿನ ಎಳೆಗಳ ಹಾಗೆ ನೆಟ್ಟಗೆ ಇಳಿಯುತ್ತಿತ್ತು. ಕಿಟಕಿಯೊಳಗೆ ಅಕ್ಕನ ತಲೆ, ಅದರ ಮೇಲೆ ಹೊದ್ದ ಬಿಳಿ ಸೆರಗು. ತಾನು ಓಡಿ ಹೋಗಿ ಸರಳು ಹಿಡಿದು, "ಅಕ್ಕ, ತಪ್ಪಾಯ್ತು. ನಿನ್ನದನ್ನ ನನ್ನದು ಅಂದುಬಿಟ್ಟೆ. ಹೊಟ್ಟೆಗೆ ಹಾಕಿಕೋ" ಎನ್ನುತ್ತಾಳೆ. ಅಕ್ಕ ಮುಖ ತಿರುಗಿಸುತ್ತಾಳೆ. ರೈಲು ನೀರಿನ ಮೇಲಿನ ದೋಣಿಯಂತೆ ಜಾರಿಹೋಗುತ್ತದೆ. ಐವತ್ತೊಂದು ವರ್ಷದಲ್ಲಿ ಆ ಚಿತ್ರದ ಒಂದು ಅಂಚೂ ಮಾಸಿರಲಿಲ್ಲ.

ಆ ಜಗಳದ ಬೇರು ಎರಡು ಕೈಗಳಲ್ಲಿತ್ತು.

ಅಕ್ಕ ಅವಳಿಗಿಂತ ಏಳು ವರ್ಷ ದೊಡ್ಡವಳು, ಹೊಲಿಗೆಯವಳು. ತಂಗಿಗೆ ಸಿನಿಮಾದಲ್ಲಿ ಪಾತ್ರ ಸಿಕ್ಕಿದಾಗ ತಾನೂ ಸ್ಟುಡಿಯೋದ ಉಡುಪಿನ ಕೋಣೆಗೆ ಸೇರಿಕೊಂಡಳು. ಒಂದು ಕಣ್ಣು ಸೂಜಿಯ ಮೇಲೆ, ಇನ್ನೊಂದು ತಂಗಿಯ ಮೇಲೆ. ತಂಗಿ ಒಂದು ಕಡೆ ಕೂರುವವಳಲ್ಲ ಎಂದು ಅವಳನ್ನು ಬುಗುರಿ ಎಂದೇ ಕರೆಯುತ್ತಿದ್ದಳು. ತಂಗಿಯ ಹೆಸರು ಮನೆಮಾತಾದದ್ದು ಒಂದು ಚಿತ್ರದಿಂದ. ಅದರಲ್ಲಿ ನಾಯಕಿ ಹುಟ್ಟಲಿರುವ ಮಗುವಿನ ಅಂಗಿಯ ಮೇಲೆ ಒಂದು ಹಕ್ಕಿಯನ್ನು ಕಸೂತಿ ಹಾಕುತ್ತಾಳೆ. ತೆರೆ ತುಂಬ ಬರೀ ಎರಡು ಕೈ, ಒಂದು ಸೂಜಿ. ಮಾತಿಲ್ಲ, ಹಾಡಿಲ್ಲ. ದಾರ ಎಳೆದ ಹಾಗೆಲ್ಲ ಹಕ್ಕಿಗೆ ರೆಕ್ಕೆ ಮೂಡುತ್ತದೆ. ಆ ನಾಲ್ಕು ನಿಮಿಷಕ್ಕೆ ಜನ ಬಿಕ್ಕಿ ಬಿಕ್ಕಿ ಅತ್ತರು. ಆ ಕೈಗಳು ಅಕ್ಕನವು. ತಂಗಿಯ ಕೈಗೆ ಸೂಜಿ ಕೊಟ್ಟರೆ ರಕ್ತ ಬರುತ್ತಿತ್ತೇ ಹೊರತು ಹಕ್ಕಿ ಬರುತ್ತಿರಲಿಲ್ಲ. ನಿರ್ದೇಶಕರು ಅಕ್ಕನನ್ನು ಕರೆದು, ತಂಗಿಯ ಬಣ್ಣಕ್ಕೆ ಹೊಂದುವಂತೆ ಮೊಣಕೈವರೆಗೆ ಮೇಕಪ್ಪು ಬಳಿಸಿ ಕೂರಿಸಿದ್ದರು.

ಚಿತ್ರ ಓಡಿತು. ಪತ್ರಿಕೆಯವನೊಬ್ಬ ಮೇಕಪ್ ಕೋಣೆಗೆ ಬಂದು, "ಆ ಕೈಗಳು ಯಾರವು?" ಎಂದು ಕೇಳಿದ.

"ನನ್ನವೇ. ಮೂರು ತಿಂಗಳು ಕೂತು ಕಲಿತೆ."

ಯಾಕೆ ಹಾಗೆಂದಳೋ. ಇಪ್ಪತ್ತೊಂದರ ವಯಸ್ಸು, ಎದುರಿಗೆ ಕ್ಯಾಮೆರಾ, ಹೊಗಳಿಕೆಯ ಅಮಲು. ಅಕ್ಕ ಅದೇ ಕೋಣೆಯ ಮೂಲೆಯಲ್ಲಿ ಕೂತು ತಂಗಿಯ ರವಿಕೆಗೆ ಗುಂಡಿ ಹಾಕುತ್ತಿದ್ದಳು. ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದಳು, ರವಿಕೆ ಮಡಿಸಿ ಕುರ್ಚಿಯ ಮೇಲಿಟ್ಟಳು, ಎದ್ದು ಹೋದಳು. ಎರಡು ದಿನದ ಮೇಲೆ ಹುಟ್ಟೂರಿಗೆ ರೈಲು ಹತ್ತಿದಳು.

ಮೂರು ತಿಂಗಳಾದ ಮೇಲೆ ಅಕ್ಕನಿಂದ ಒಂದು ಕಾಗದ ಬಂತು. ಎರಡೇ ಸಾಲು. 'ಬುಗುರಿ, ನಿನ್ನಿಂದ ಒಂದು ಮಾತು ಬಂದರೆ ಸಾಕು ಅಂತ ಕಾಯ್ತಾ ಇದ್ದೀನಿ. ಬರೆ.' ಅದನ್ನು ಓದಿ ತಂಗಿಗೆ ಮೈಯೆಲ್ಲ ಉರಿದುಹೋಗಿತ್ತು. ಮಳೆಯಲ್ಲಿ ನೆನೆದು, ಸರಳು ಹಿಡಿದು, ಬೇಡಿಕೊಂಡದ್ದು ಸಾಲದೆ? ಇನ್ನೆಷ್ಟು ಸಲ ಮೂಗು ತಿಕ್ಕಬೇಕು ಇವಳ ಮುಂದೆ? ಕಾಗದಕ್ಕೆ ಉತ್ತರ ಹೋಗಲಿಲ್ಲ. ಇವತ್ತು ಬರೆಯೋಣ ಎಂದುಕೊಂಡ ದಿನಗಳೂ ಬಂದುಹೋದವು; ಪ್ರತಿ ಸಲವೂ ಆ ತಿರುಗಿಸಿದ ಮುಖ ಅಡ್ಡ ಬರುತ್ತಿತ್ತು. ಅಮ್ಮ ಸತ್ತಾಗ ಅಕ್ಕತಂಗಿಯರು ಮೂರು ದಿನ ಒಂದೇ ಸೂರಿನಡಿ ಇದ್ದರು. "ಊಟ ಆಯ್ತಾ?" "ಆಯ್ತು." ಅಷ್ಟೇ ಮಾತು.

ಟೈಪಿಸ್ಟ್ ಟೈಪು ಮಾಡಿದ್ದನ್ನು ಓದಿ ಹೇಳಿದಳು. "'ಕಲ್ಲಿಗೂ ಒಂದು ಮೆತ್ತನೆ ಬದಿ ಇರುತ್ತದೆ, ನನ್ನ ಅಕ್ಕನಿಗೆ ಇರಲಿಲ್ಲ.' ಇದು ಇರಲೇ ಅಮ್ಮ? ಅವರಿನ್ನೂ ಇದ್ದಾರೆ ಅಂದ್ರಲ್ಲ."

"ಇದ್ದಾಳೆ. ಊರಲ್ಲೇ, ತನ್ನ ಹೊಲಿಗೆ ಅಂಗಡಿ ಮೇಲಿನ ಮನೇಲಿ. ಎಪ್ಪತ್ತೊಂಬತ್ತು ಅವಳಿಗೆ."

"ಓದ್ತಾರೆ."

"ಓದಲಿ. ನಿಜ ತಾನೆ ಬರೆದಿರೋದು."

ಅಷ್ಟರಲ್ಲಿ ಫೋನು ಬಂತು. ಪ್ರಕಾಶಕರು. ದನಿ ಬೆಣ್ಣೆ ಸವರಿದಂತಿತ್ತು. "ಅಕ್ಕನ ಅಧ್ಯಾಯ ನಾಳೆ ಕೈ ಸೇರತ್ತಲ್ಲ ಮೇಡಂ? ಮುಖಪುಟ ಅಂತೂ ರೆಡಿ. ಕಸೂತಿಯ ಕೈಗಳನ್ನೇ ಹಾಕಿದೀವಿ. ಸ್ಟೇಷನ್ ಸೀನ್ ಇದೆಯಲ್ಲ, ಅದನ್ನ ನಿಮ್ಮ ಡೈರಿಯಲ್ಲಿ ಇದ್ದ ಹಾಗೇ, ಅಕ್ಷರ ಅಕ್ಷರ ಹಾಕಿಬಿಡೋಣ. ಜನ ಕರಗಿ ನೀರಾಗಿಬಿಡ್ತಾರೆ."

ಇದ್ದ ಹಾಗೇ ಹಾಕಬೇಕೆಂದರೆ ಡೈರಿ ತೆಗೆಯಬೇಕು. ಟೈಪಿಸ್ಟ್ ಐದನೆಯ ಡೈರಿಯನ್ನು ಎಳೆದುಕೊಂಡಳು. ಹುಡುಕುವ ಕಷ್ಟವೇನೂ ಇರಲಿಲ್ಲ. ಎಷ್ಟೋ ಸಲ ತೆರೆದ ಆ ಪುಟ ತಾನಾಗಿ ಬಿಚ್ಚಿಕೊಂಡಿತು. ಅವಳು ಕನ್ನಡಕ ಏರಿಸಿ ಒಂದು ಸಲ ಓದಿದಳು. ಆಮೇಲೆ ಡೈರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಂದು ಸಲ ಓದಿದಳು.

"ಅಮ್ಮ, ಮಾತಿನ ಮಧ್ಯ ಮಧ್ಯ ಸಣ್ಣ ಗೆರೆ ಇದೆಯಲ್ಲ, ನೀಲಿ ಗೆರೆ. ಏನಿದು?"

"ಓ ಅದಾ. ಉಸಿರಿನ ಗೆರೆ." ನಟಿಗೆ ಹಳೆಯ ಸಂಗತಿ ನೆನೆದು ಖುಷಿಯಾಯಿತು. "ನನಗೆ ಉದ್ದ ಡೈಲಾಗ್ ಕೊಟ್ರೆ ಮಧ್ಯದಲ್ಲೇ ಉಸಿರು ಕಟ್ತಿತ್ತು. ಕೇಳಿ ಕಲಿಯೋದಂತೂ ನನ್ನ ಹಣೇಲಿ ಬರೆದಿರಲಿಲ್ಲ. ಬರೆದ್ರೆ ಮಾತ್ರ ತಲೆಗೆ ಹತ್ತೋದು. ಸಿಕ್ಕಿದ್ದರಲ್ಲಿ ಬರ್ಕೋತಿದ್ದೆ. ಅಕ್ಕ ಬಟ್ಟೆ ಮೇಲೆ ಗುರುತು ಹಾಕೋ ನೀಲಿ ಪೆನ್ಸಿಲ್ ತಗೊಂಡು, ಇಲ್ಲಿ ಉಸಿರು ಬಿಡು, ಇಲ್ಲಿ ಎಳ್ಕೋ ಅಂತ ಗೆರೆ ಹಾಕಿಕೊಡೋಳು."

"ಗೆರೆ ಹಾಕ್ತಿದ್ದದ್ದು ಅಕ್ಕನೇ? ನೀವಲ್ಲ?"

"ನಾನೆಲ್ಲಿ. ಆ ಪೆನ್ಸಿಲ್ ಮುಟ್ಟಿದ್ರೆ ಕೈ ಮುರೀತೀನಿ ಅನ್ನೋಳು."

ಟೈಪಿಸ್ಟ್ ಡೈರಿಯನ್ನು ಮೇಜಿನ ಮೇಲಿಟ್ಟು ನಟಿಯ ಕಡೆಗೆ ತಿರುಗಿಸಿದಳು. ಮೂವತ್ತು ವರ್ಷ ವಕೀಲರ ಪ್ರಶ್ನೆಗಳನ್ನು ಟೈಪು ಮಾಡಿದವಳಾದರೂ ಈ ಪ್ರಶ್ನೆಯನ್ನು ತಾನೇ ಕೇಳಬೇಕಾಗಿ ಬಂದದ್ದಕ್ಕೆ ಅವಳಿಗೆ ಮುಜುಗರವಾದಂತಿತ್ತು. ದನಿ ತಗ್ಗಿಸಿದಳು.

"ಅಕ್ಕ ರೈಲು ಹತ್ತಿ ಹೋಗಿಬಿಟ್ರು ಅಂತ ಬರೆದಿರೋ ಪುಟ ಇದು. ಮತ್ತೆ ವಾಪಸ್ಸು ಬರಲೇ ಇಲ್ಲ ಅಂದ್ರಿ. ಹಾಗಿದ್ರೆ ಈ ಪುಟಕ್ಕೆ ಅವರು ಗೆರೆ ಹಾಕಿದ್ದು ಯಾವಾಗ?"

ನಟಿಯ ಕೈಯಲ್ಲಿದ್ದ ಬಟಾಣಿಯ ಕೋಡು ಹಾಗೇ ಉಳಿಯಿತು.

ಅವಳು ಡೈರಿಯನ್ನು ಹತ್ತಿರ ಎಳೆದುಕೊಂಡಳು. ಸ್ಟೇಷನ್ನು. ಮಳೆ. ಅಕ್ಕ ಕಿಟಕಿಯ ಪಕ್ಕ ಕೂತಿದ್ದಾಳೆ. ನಾನು ಓಡಿ ಬರುತ್ತೇನೆ. 'ಅಕ್ಕ', ಒಂದು ಗೆರೆ. 'ತಪ್ಪಾಯ್ತು', ಎರಡು ಗೆರೆ. 'ನಿನ್ನದನ್ನ ನನ್ನದು', ಒಂದು ಗೆರೆ, 'ಅಂದುಬಿಟ್ಟೆ.' ಗೆರೆಗಳು ಅಕ್ಕನವೇ. ಸ್ವಲ್ಪ ಓರೆ, ಹೊಲಿಗೆಯ ಒಂದು ಟಾಕಿನಷ್ಟೇ ಉದ್ದ.

ಆಮೇಲೆ, ಯಾರೂ ಕೇಳದಿದ್ದರೂ, ಆ ಸಾಲುಗಳನ್ನು ಗೆರೆಗಳಿದ್ದಲ್ಲಿ ಉಸಿರು ತೆಗೆದುಕೊಳ್ಳುತ್ತ ಬಾಯಿಬಿಟ್ಟು ಹೇಳಿದಳು. ಮೊದಲ ಗೆರೆಗೆ ಎಡಗೈ ಮೇಲೆದ್ದಿತು. ಎರಡನೆಯದಕ್ಕೆ ಕತ್ತು ತಾನಾಗಿ ಬಲಕ್ಕೆ ವಾಲಿತು. ಬಲಕ್ಕೇ ಏಕೆಂದರೆ ದೀಪವಿದ್ದದ್ದು ಆ ಕಡೆ. ಎಡಕ್ಕೆ ವಾಲಿದರೆ ಮುಖದ ಮೇಲೆ ನೆರಳು ಬೀಳುತ್ತದೆ ಎಂದು ಕ್ಯಾಮೆರಾದವರು ಬಾರಿ ಬಾರಿ ಹೇಳಿದ್ದರು. ಕೈ ಹಿಡಿದ ಸರಳು ತಣ್ಣಗಿರಲಿಲ್ಲ, ಅದು ಮರದ್ದು, ಅಂಗೈಗೆ ಹಸಿ ಬಣ್ಣ ಮೆತ್ತುತ್ತಿತ್ತು. ಮಳೆ ತೂತು ಕೊರೆದ ಕೊಳವೆಯಿಂದ ಬರುತ್ತಿತ್ತು, ಕೊಳವೆ ಇದ್ದದ್ದು ಒಂದೇ ಕಿಟಕಿಯ ಮೇಲೆ. ಆ ರೈಲಿಗೆ ಇದ್ದದ್ದೂ ಒಂದೇ ಡಬ್ಬಿ, ಗಾಲಿ ಹಾಕಿದ ಹಲಗೆಯ ಮೇಲೆ ನಿಲ್ಲಿಸಿದ್ದು. ಆರು ಜನ ಹಗ್ಗ ಕಟ್ಟಿ ಬರಿಗಾಲಲ್ಲಿ ಎಳೆಯುತ್ತಿದ್ದರು. ಸದ್ದನ್ನು ಆಮೇಲೆ ಸೇರಿಸುವುದೆಂದು ಮಾತಾಗಿತ್ತು.

ಸೇರಿಸಲೇ ಇಲ್ಲ. ಮಗುವೊಂದಕ್ಕಾಗಿ ಜಗಳವಾಡುವ ಅಕ್ಕತಂಗಿಯರ ಕಥೆ ಅದು. ಚಿತ್ರೀಕರಣ ಹತ್ತೊಂಬತ್ತು ದಿನ ನಡೆದು, ನಾಯಕ ಕುದುರೆಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡು, ನಿಂತುಹೋಯಿತು. ಯಾರೂ ನೋಡಲಿಲ್ಲ. ತೆರೆಯ ಮೇಲೆ ಕಂಡಿದ್ದರೆ ಅದು ಸಿನಿಮಾ ಎಂದು ಅವಳಿಗೂ ನೆನಪಿರುತ್ತಿತ್ತೇನೋ. ಕಾಣದೇ ಹೋದದ್ದು ಮೆಲ್ಲಗೆ, ವರ್ಷಕ್ಕೊಂದು ಹೆಜ್ಜೆಯಂತೆ, ಅವಳ ಬದುಕಿನೊಳಕ್ಕೆ ನಡೆದು ಬಂದು ಕೂತುಬಿಟ್ಟಿತ್ತು.

"ಎಲ್ಲಾ ಪಾತ್ರಕ್ಕೂ ನಾನು ಅಂತಾನೇ ಬರ್ಕೋತಿದ್ದೆ" ಎಂದಳು ನಟಿ. ದನಿ ಎಲ್ಲೋ ದೂರದಿಂದ ಬಂದಂತಿತ್ತು. "ವಿಧವೆ ಆದ್ರೂ ನಾನು, ರಾಣಿ ಆದ್ರೂ ನಾನು."

"ಹಾಗಾದ್ರೆ ಅವರು ಹೋದ ದಿನ?"

ಟೈಪಿಸ್ಟೇ ಪುಟ ತಿರುವಿದಳು. ಸ್ಟೇಷನ್ನಿನ ಪುಟದಿಂದ ಮುಂದೆ, ಸುಮಾರು ಒಂದು ತಿಂಗಳಷ್ಟು ಹಾಳೆ ಕಳೆದ ಮೇಲೆ ಸಿಕ್ಕಿತು. ತಾರೀಖಿತ್ತು. ಒಂದೂ ಗೆರೆ ಇರಲಿಲ್ಲ. ಅವಸರದ ಅಕ್ಷರ. 'ಅಕ್ಕ ಬೆಳಿಗ್ಗೆ ಹೋದಳಂತೆ. ಬಾಗಿಲ ಹತ್ತಿರ ನಿಂತಿದ್ದಳಂತೆ ಸ್ವಲ್ಪ ಹೊತ್ತು. ಏಳಕ್ಕೆ ಮೇಕಪ್ಪು ಇತ್ತು, ನಾನು ಎದ್ದದ್ದು ಆರೂವರೆಗೆ. ಇವತ್ತು ಹನ್ನೊಂದು ಶಾಟ್. ಕಾಲು ಸೇದುತ್ತಿದೆ.'

"ಓದಿದೀನಿ ಇದನ್ನ. ಎಷ್ಟು ಸಲ ಈ ಪುಟ ದಾಟಿ ಹೋಗಿದೀನಿ. ಇನ್ಯಾವುದೋ ಸಲ ಹೋದದ್ದು ಅಂದುಕೊಂಡಿದ್ದೆ. ಹಬ್ಬಕ್ಕೋ ಏನಕ್ಕೋ."

ಟೈಪಿಸ್ಟ್ ಎದ್ದು ನೆಲದ ಮೇಲಿನ ಬಟಾಣಿ ಆರಿಸತೊಡಗಿದಳು. ಅಷ್ಟೂ ಹೊತ್ತು ನಟಿ ಇನ್ನೊಂದು ಕೋಣೆಯಲ್ಲಿದ್ದಳು. ಐವತ್ತೊಂದು ವರ್ಷದ ಹಿಂದಿನ ಬಾಡಿಗೆ ಕೋಣೆ, ಎರಡು ಮಂಚ, ಮಧ್ಯೆ ಹೊಲಿಗೆ ಯಂತ್ರ. ಮಂಚದ ಕಂಬಿಯೇ ರೈಲಿನ ಸರಳು. ಆಚೆ ಬದಿಗೆ ಅಕ್ಕ, ಸೆರಗು ಹೊದ್ದು, ಡೈರಿ ಹಿಡಿದು ಕೂತಿದ್ದಾಳೆ. "ಮತ್ತೆ ಹೇಳು ಬುಗುರಿ. ತಪ್ಪಾಯ್ತು ಅನ್ನುವಾಗ ಅಷ್ಟು ಓಡಬೇಡ. ರೈಲು ನಿನಗೋಸ್ಕರ ನಿಂತಿರತ್ತೆ." ಅವಳು ಮತ್ತೆ ಹೇಳುತ್ತಾಳೆ. "ಈಗ ಪರವಾಗಿಲ್ಲ. ನಾನಾಗಿದ್ರೆ ಕ್ಷಮಿಸಿಬಿಡ್ತಿದ್ದೆ. ಈಗ ಮುಖ ತಿರುಗಿಸಬೇಕಲ್ಲ ನಾನು, ಎಲ್ಲಿದೆ ಅದು?" ಎಂದು ಅಕ್ಕ ಪುಟದಲ್ಲಿ ಹುಡುಕುತ್ತಾಳೆ. ಇಬ್ಬರೂ ನಗುತ್ತಾರೆ.

ಇಪ್ಪತ್ತು ಸಲ, ಮೂವತ್ತು ಸಲ ಅಕ್ಕನ ಮುಖ ನೋಡಿ ಹೇಳಿದ ಮಾತು. ಬೇಕಾದ ದಿನ ಒಂದು ಸಲವೂ ಹೇಳಿರಲಿಲ್ಲ.

"ಕಾಗದ ಕೊಡು" ಎಂದಳು ನಟಿ. "ಮೊದಲು ಅವಳಿಗೆ ಉತ್ತರ ಹೋಗಬೇಕು."

ಬರೆಯಲು ಕೂತರೆ ಪೆನ್ನು ಅದರ ಹಳೆಯ ಚಾಳಿ ಬಿಡಲಿಲ್ಲ. ಮೊದಲ ಹಾಳೆ ತುಂಬ ಕಣ್ಣೀರು ಹರಿಯಿತು. ಟೈಪಿಸ್ಟಳ ಕೈಗೆ ಕೊಟ್ಟಳು.

"'ನನ್ನ ಹೃದಯದ ಹಣತೆ ಆರಿಹೋಗಿದೆ ಅಕ್ಕಾ' ಅಂತೀರಲ್ಲ" ಎಂದಳು ಟೈಪಿಸ್ಟ್. "ಇದು ಯಾವ ಸಿನಿಮಾದ್ದು?"

ನಟಿ ನೆನಪು ಮಾಡಿಕೊಂಡಳು. "ಜೈಲಿನದು. ಎರಡನೇ ಭಾಗ."

"ಮತ್ತೆ?"

ಹರಿದು ಹಾಕಿದಳು. ಎರಡನೆಯ ಹಾಳೆಯಲ್ಲಿ ತನ್ನ ವಯಸ್ಸು, ಬಿಸಿರಕ್ತ, ಪತ್ರಿಕೆಯವನ ತುಂಟ ಪ್ರಶ್ನೆ, ಎಲ್ಲಕ್ಕೂ ಕಾರಣಗಳು ಸಾಲುಗಟ್ಟಿ ನಿಂತವು. ಟೈಪಿಸ್ಟ್ ಓದಿ, "ಇದು ಆರೋಪಿ ಪರ ವಾದ" ಎಂದು ವಾಪಸ್ಸು ಕೊಟ್ಟಳು.

"ನೀನು ನನ್ನ ಹತ್ರ ಕೆಲಸಕ್ಕೆ ಬಂದಿದೀಯೋ, ನನ್ನ ಮೇಲೆ ಕೇಸು ಹಾಕೋಕೆ ಬಂದಿದೀಯೋ?"

"ನೀವೇ ಕೇಳಿದ್ರಿ, ಓದು ಅಂತ. ನಿಮ್ಮ ಅಕ್ಕ ಎದುರು ಕೂತಿದ್ರೆ ಇಷ್ಟುದ್ದ ಹೇಳ್ತಿದ್ರಾ?"

ಇಲ್ಲ. ಎದುರು ಕೂತಿದ್ದರೆ ಅಕ್ಕ, ಅಷ್ಟು ಓಡಬೇಡ ಎನ್ನುತ್ತಿದ್ದಳು. ನಟಿ ಮೂರನೆಯ ಹಾಳೆ ತೆಗೆದುಕೊಂಡಳು. ಈ ಸಲ ಪ್ರತಿ ಸಾಲಿಗೂ ಸ್ವಲ್ಪ ಹೊತ್ತು ಹಿಡಿಯಿತು. ಕಿಟಕಿಯ ಬಿಸಿಲು ಗೋಡೆ ಇಳಿದು ಕುರ್ಚಿಯ ಕಾಲಿಗೆ ಬಂದಿತ್ತು.

'ಅಕ್ಕ,

ಆ ಕೈಗಳು ನಿನ್ನವು. ನನ್ನವು ಅಂತ ಸುಳ್ಳು ಹೇಳಿದೆ. ನೀನು ಅಲ್ಲೇ ಕೂತಿದ್ದೀಯ ಅಂತ ಗೊತ್ತಿದ್ದೂ ಹೇಳಿದೆ. ನೀನು ಹೋದ ದಿನ ನಾನು ಸ್ಟೇಷನ್ನಿಗೆ ಬರಲಿಲ್ಲ. ಬಂದು ಬೇಡಿಕೊಂಡೆ, ನೀನು ಮುಖ ತಿರುಗಿಸಿದೆ ಅಂತ ಇಷ್ಟು ವರ್ಷ ನಂಬಿಕೊಂಡಿದ್ದೆ. ಅದು ಹೇಗೆ ಅಂತ ಎದುರಿಗೆ ಕೂತೇ ಹೇಳಬೇಕು, ಕಾಗದದಲ್ಲಿ ಹೇಳಿದರೆ ನನಗೆ ಅರುಳುಮರುಳು ಅಂತೀಯ. ಇದು ನೀನು ಬರೆದ ಕಾಗದಕ್ಕೆ ಉತ್ತರ. ತಪ್ಪಾಯ್ತು.

ಬುಗುರಿ'

ಟೈಪಿಸ್ಟ್ ಓದಿದಳು. ಲಕೋಟೆ ಹುಡುಕಲು ಎದ್ದಳು.

ಮರುದಿನ ಬೆಳಿಗ್ಗೆ ಪ್ರಕಾಶಕರ ಫೋನಿಗೆ ನಟಿಯೇ ಉತ್ತರಿಸಿದಳು. ಅಧ್ಯಾಯ ಈಗ ಬರುವುದಿಲ್ಲ, ಬಂದಾಗ ಬೇರೆ ಥರ ಇರುತ್ತದೆ ಎಂದಳು. ಕೈಗಳ ವಿಷಯವನ್ನೂ ಹೇಳಿದಳು.

"ಮೇಡಂ, ಆ ಕೈಗಳಿಂದಲೇ ನೀವು ನೀವಾಗಿದ್ದು. ಮುಖಪುಟ ಅಚ್ಚಾಗಿಹೋಗಿದೆ."

"ಇರಲಿ ಬಿಡಿ. ಚೆನ್ನಾಗಿವೆ ಕೈ. ಒಳಗೆ ಯಾರವು ಅಂತ ಬರೀತೀನಿ."

"ಜನ ಏನಂದಾರು?"

"ಅವಳು ಏನಂತಾಳೋ ಅದೇ ನನಗಿನ್ನೂ ಗೊತ್ತಿಲ್ಲ. ಜನಗಳದ್ದು ಆಮೇಲೆ ನೋಡೋಣ."

ಫೋನು ಇಟ್ಟು ಲಕೋಟೆ ಕೈಗೆತ್ತಿಕೊಂಡಳು. ಅಂಚೆ ಕಚೇರಿ ಎರಡು ಬೀದಿಯಾಚೆ. ಟೈಪಿಸ್ಟ್ ತಾನು ಹೋಗಿ ಹಾಕಿ ಬರುತ್ತೇನೆಂದಳು, ನಟಿ ಕೊಡಲಿಲ್ಲ. ಮಂಡಿ ನೋವಿನ ಕಾಲಿನಲ್ಲಿ, ಔಷಧಿ ಅಂಗಡಿ, ಗಡಿಯಾರ ರಿಪೇರಿಯವನ ಗಾಜಿನ ಪೆಟ್ಟಿಗೆ, ಒಗೆದ ಬಟ್ಟೆ ತೂಗುಬಿಟ್ಟ ಬಾಲ್ಕನಿಗಳು, ಇವನ್ನೆಲ್ಲ ನಿದ್ದೆಯಲ್ಲಿ ನೋಡಿದಂತೆ ನೋಡುತ್ತ ನಡೆದಳು. ದಾರಿಯಲ್ಲಿ ಎರಡು ಸಲ ನಿಂತು ಲಕೋಟೆಯ ಮೇಲಿನ ವಿಳಾಸ ಓದಿಕೊಂಡಳು. ಎರಡನೆಯ ಸಲ ನಿಂತಾಗ ಮನೆಗೆ ತಿರುಗಿಬಿಡೋಣ ಎನ್ನಿಸಿತು. ಅಕ್ಕ ಓದದೆ ಹಾಗೇ ಇಟ್ಟುಬಿಟ್ಟರೆ? ಈಗ ಯಾವ ಕರ್ಮಕ್ಕೆ ಎಂದರೆ? ನಿಜವಾಗಿಯೂ ಮುಖ ತಿರುಗಿಸಿಬಿಟ್ಟರೆ? ಹಾಗೆ ತಿರುಗಿಸಿದ ಮುಖವನ್ನು ತಾನು ಇನ್ನೂ ನೋಡಿಯೇ ಇಲ್ಲ ಎಂಬುದು ಆಗ ಹೊಳೆಯಿತು. ಹೊಳೆದದ್ದರಿಂದ ಧೈರ್ಯವೇನೂ ಬರಲಿಲ್ಲ. ಆದರೂ ನಡೆದಳು.

ಕಿಟಕಿಯ ಹಿಂದೆ ಕೂತಿದ್ದ ಅಂಚೆಯ ಹೆಂಗಸು ಲಕೋಟೆಯನ್ನು ತಕ್ಕಡಿಯ ಮೇಲಿಟ್ಟಳು. "ಸಾದಾನಾ, ರಿಜಿಸ್ಟರಾ?"

"ಏನು ವ್ಯತ್ಯಾಸ?"

"ರಿಜಿಸ್ಟರ್ ಅಂದ್ರೆ ಅವರ ಕೈಗೇ ಕೊಡ್ತೀವಿ. ತಗೊಂಡೆ ಅಂತ ಅವರು ಸಹಿ ಹಾಕಬೇಕು. ಸಹಿ ಹಾಕಿದ ಚೀಟಿ ನಿಮಗೆ ವಾಪಸ್ ಬರತ್ತೆ."

"ಅವಳು ಬೇಡ ಅಂದ್ರೆ?"

"ಬೇಡ ಅಂದ್ರೆ ಕಾಗದಾನೇ ವಾಪಸ್ ಬರತ್ತೆ. ಅಂತೂ ನಿಮಗೆ ಗೊತ್ತಾಗತ್ತೆ." ಅಂಚೆಯ ಹೆಂಗಸು ತಲೆ ಎತ್ತಿದಳು. "ಅರ್ಜೆಂಟಾ ಅಮ್ಮ?"

"ತುಂಬಾ ತಡ ಆಗಿದೆ."

"ಇವತ್ತಿನ ಚೀಲಕ್ಕೆ ಹೋಗತ್ತೆ ಬಿಡಿ. ಇನ್ನೂ ಕಟ್ಟಿಲ್ಲ."

ನಟಿ ರಿಜಿಸ್ಟರ್ ಎಂದಳು. ಒಂದು ಫಾರಂ ಬಂತು. ಕಳಿಸುವವರ ಹೆಸರು ಎಂದಿದ್ದ ಕಡೆ ದೇಶಕ್ಕೆಲ್ಲ ಗೊತ್ತಿದ್ದ ಹೆಸರನ್ನು ಬಿಟ್ಟು ಅಮ್ಮ ಇಟ್ಟ ಹೆಸರು ಬರೆದಳು. ಸಂಬಂಧ ಏನೆಂದು ಆ ಫಾರಮ್ಮು ಕೇಳಿರಲಿಲ್ಲ. ಆದರೂ ಹೆಸರಿನ ಪಕ್ಕದಲ್ಲಿ, ಸಣ್ಣದಾಗಿ, ತಂಗಿ ಎಂದು ಸೇರಿಸಿದಳು.

ಅಂಚೆಯ ಹೆಂಗಸು ಲಕೋಟೆಗೆ ಎರಡು ಕಡೆ ಮೊಹರು ಒತ್ತಿದಳು. ಒಂದು ನಂಬರು ಅಂಟಿಸಿ, ಹಿಂದೆ ಬಾಯಿ ತೆರೆದು ನಿಂತಿದ್ದ ಚೀಲದೊಳಕ್ಕೆ ಹಾಕಿದಳು.

"ಆಯ್ತಮ್ಮ" ಎಂದು ರಸೀದಿ ಈಚೆ ತಳ್ಳಿ, ಮುಂದಿನವರನ್ನು ಕರೆದಳು.